ಉಜ್ಜುವವಳು

ಎಂವುರ್ವಿ ಬೆಟ್ಟದಿಂದ ಲಾರಿಯಲ್ಲಿ ಬಂದ ಕಲ್ಲನ್ನು
ತಾರುವಿಂಗ ಮೊದಲು ಮಾತಾಡಿಸುತ್ತಾನೆ.
ಸುತ್ತಿಗೆಯಿಂದ ಒಂದೇ ಪೆಟ್ಟು, ಮೆಲ್ಲಗೆ,
ಬಾಗಿಲು ತಟ್ಟಿದ ಹಾಗೆ.
ಠಣ್ಣೆಂದರೆ ಇಳಿಸಿಕೊಳ್ಳುತ್ತಾನೆ.
ದಬ್ಬೆಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು.
"ಇದು ಸುಳ್ಳುಬುರುಕ ಕಲ್ಲು, ಸೆಕೆಸಾಯಿ,
ಕಿವಿ ಕೊರೆಯುವ ಹೊತ್ತಿಗೆ ತಲೆಯೇ ಕಳಚೀತು."

ಅಂಥವು ನಮ್ಮ ಅಂಗಳದಲ್ಲಿ ಬಟ್ಟೆ ಒಗೆಯಲು ಬಿದ್ದಿವೆ.
ಒಂದರ ಮೇಲೆ ಕೋಳಿ ಮೊಟ್ಟೆಯಿಡುತ್ತದೆ.

ನನ್ನ ಅವ್ವ ಮಡಕೆ ಮಾಡುತ್ತಿದ್ದಳು.
ಸುರುಳಿಯ ಮೇಲೆ ಸುರುಳಿ, ಮಣ್ಣು ಸೇರಿಸುತ್ತ ಸೇರಿಸುತ್ತ
ಹೊಟ್ಟೆ ಬರಿಸುವಳು, ಕೊರಳು ಬರಿಸುವಳು.
ತಪ್ಪಿದರೆ ಮುದ್ದೆ ಮಾಡಿ ಮತ್ತೆ ಮೊದಲಿಂದ.
ಮಣ್ಣು ಮನ್ನಿಸುತ್ತದೆ.
ಕಲ್ಲಿಗೆ ಗೊತ್ತಿರುವ ಲೆಕ್ಕ ಕಳೆಯುವುದೊಂದೇ.
ಎದ್ದ ಚಕ್ಕೆಯನ್ನು ಮರಳಿ ಕೂರಿಸಲು
ಯಾವ ದೇವರಿಗೂ ಬರುವುದಿಲ್ಲ.

ತಾರುವಿಂಗನಿಗೆ ಬರುತ್ತದೆ, ಒಮ್ಮೊಮ್ಮೆ:
ಕಲ್ಲಿನ ಪುಡಿಗೆ ಅಂಟು ಕಲಸಿ
ಮುರಿದ ಮೂಗು ಹಚ್ಚಿಬಿಡುತ್ತಾನೆ.
ಕೊಳ್ಳುವವರು ಬಂದಾಗ ನಾನು ಆ ಮೂಗಿನ ಕಡೆ ನೋಡುವುದಿಲ್ಲ.

ಮೊದಲು ಚೂಪು ಉಳಿ, ಆಮೇಲೆ ಹಲ್ಲುಳಿ, ಆಮೇಲೆ ಅರ.
ಮೂರು ವಾರ ಬೂದಿ ಬಣ್ಣದ ದೂಳು
ಅವನ ರೆಪ್ಪೆಯಲ್ಲಿ, ಒಣಹಾಕಿದ ಲಂಗದಲ್ಲಿ,
ಬಟ್ಟಲಿನ ಸಾಡ್ಜ ಮುದ್ದೆಯಲ್ಲಿ.
"ಒಳಗೆ ಯಾರೋ ಇದ್ದರು, ನಾನು ಬಿಡಿಸಿದೆ ಅಷ್ಟೆ"
ಎನ್ನುತ್ತಾನೆ ಹರಾರೆಯಿಂದ ಬಂದವರಿಗೆ.
ನಾನು ಕಣ್ಣಾರೆ ಕಂಡಿದ್ದೇನೆ, ಒಳಗೆ ಇದ್ದದ್ದು ಕಲ್ಲು.
ಹಕ್ಕಿಯೆಂದು ಶುರುವಾದದ್ದು
ರೆಕ್ಕೆ ಹಾರಿಹೋಗಿ
ಮುದುಕಿಯಾದದ್ದೂ ಉಂಟು.

ಅವನು ಕೈ ತೊಳೆದ ಮೇಲೆ ನನ್ನ ಕೆಲಸ.
ಒಂದು ಬಕೆಟ್ಟು ನೀರು, ನೆನೆದ ಮರಳು ಕಾಗದ.
ಅರವತ್ತರ ಒರಟಿನಿಂದ ಹಿಡಿದು
ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು,
ಕೊನೆಗೆ ಸಾವಿರದ ಇನ್ನೂರು, ಅದು ಕಾಗದವಲ್ಲ, ಕೆನ್ನೆ.
ದೊಡ್ಡ ಗೀರನ್ನು ಸಣ್ಣ ಗೀರಿನಿಂದ ಅಳಿಸುವುದು,
ಅದನ್ನು ಇನ್ನೂ ಸಣ್ಣದರಿಂದ.
ಇಷ್ಟೇ ನನಗೆ ಗೊತ್ತಿರುವ ವಿದ್ಯೆ.
ಬೆನ್ನಿನ ಮೇಲೆ ಒಂದಂಗೈ ಅಗಲ
ಕಂದು ತೊಗಟೆಯನ್ನು ಹಾಗೇ ಬಿಡುತ್ತೇವೆ,
ಅದು ಬೆಟ್ಟದ ಬಿಸಿಲು ಉಂಡದ್ದು.

ಆಮೇಲೆ ಬೆಂಕಿ. ಸುತ್ತ ಸೌದೆ ಒಟ್ಟಿ ಉರಿಸಿ
ಉಗುಳಿದರೆ ಚುಂಯ್ಗುಡುವಷ್ಟು ಕಾದಾಗ
ಮೇಣ ಸವರುತ್ತೇನೆ.
ಆ ಗಳಿಗೆಯಲ್ಲಿ, ಇಷ್ಟು ದಿನ ಬೂದಿಯಾಗಿದ್ದವಳು
ಕಪ್ಪಗೆ ಕಣ್ತೆರೆಯುತ್ತಾಳೆ.
ಆಗ ಮಾತ್ರ ತಾರುವಿಂಗ ಬಾಯಿ ಮುಚ್ಚಿಕೊಂಡಿರುತ್ತಾನೆ.
ಮರುದಿನ ಅಡಿಯಲ್ಲಿ ತನ್ನ ಹೆಸರು ಕೊರೆಯುತ್ತಾನೆ.

ಹೋದ ಚಳಿಗಾಲ ಬಿಂಡೂರದ ಕಚೇರಿಗೆ ಹೋಗಿದ್ದೆ,
ಕಳೆದ ಗುರುತಿನ ಚೀಟಿ ಮತ್ತೆ ಮಾಡಿಸಲು.
ಗಾಜಿನ ಮೇಲೆ ಹೆಬ್ಬೆರಳಿಡಿ ಎಂದಳು ಹುಡುಗಿ. ಇಟ್ಟೆ.
ಒರೆಸಿ ಇಡಿ ಎಂದಳು. ಒರೆಸಿ ಇಟ್ಟೆ.
ತೋರುಬೆರಳು. ಉಂಗುರದ ಬೆರಳು. ಎಡಗೈ.
ಯಂತ್ರ ಒಲ್ಲೆ ಒಲ್ಲೆ ಎಂದು ಕೆಂಪಗಾಗುತ್ತಲೇ ಇತ್ತು.
"ಅಮ್ಮಾ, ನಿಮ್ಮ ಬೆರಳಲ್ಲಿ ಏನೂ ಇಲ್ಲ"
ಎಂದಳು, ಹೆದರಿದವಳ ಹಾಗೆ.
ಸಾಲಿನಲ್ಲಿದ್ದವರು ಬಾಗಿ ನೋಡಿದರು.

ನನಗೆ ನಗು ಬಂತು.
ಇಪ್ಪತ್ತೆರಡು ವರ್ಷ ನಾನು ಕಲ್ಲನ್ನು ಉಜ್ಜುತ್ತಿದ್ದೇನೆ ಅಂದುಕೊಂಡಿದ್ದೆ.
ಅದೂ ಸುಮ್ಮನೆ ಕೂತಿರಲಿಲ್ಲ.
ಎಷ್ಟನೆಯ ನಂಬರಿನ ಕಾಗದ ಹಿಡಿದಿತ್ತೋ.

"ಒಂದು ತಿಂಗಳು ಕೆಲಸ ಬಿಡಿ," ಎಂದಳು ಹುಡುಗಿ,
"ಗೆರೆ ಮರಳಿ ಬರುತ್ತವಂತೆ."

ಬಿಟ್ಟೆ. ಹನ್ನೊಂದು ದಿನ.
ಬೆರಳ ತುದಿಯಲ್ಲಿ ಏನೋ ಮೂಡತೊಡಗಿತ್ತು,
ಬೆಳಕಿಗೆ ಓರೆ ಹಿಡಿದರೆ ಕಾಣುವಷ್ಟು,
ಹೊಲ ಉತ್ತ ಮೊದಲ ಸಾಲುಗಳಷ್ಟು.

ಹನ್ನೆರಡನೆಯ ದಿನ ಲಾರಿ ಬಂತು.
ತಾರುವಿಂಗ ಸುತ್ತಿಗೆ ತೆಗೆದುಕೊಂಡು ಹೋಗಿ ತಟ್ಟಿದ.

ಠಣ್.